ನೆಗೆಟಿವ್ ಮೇಲಿನ ಪೆನ್ಸಿಲ್

ಎಂಟನೇ ಪೆಟ್ಟಿಗೆಯನ್ನೂ ಬರಿದು ಮಾಡಿದ್ದಾಯಿತು, ಆದರೂ ಅವಳು ಏಳುವ ಲಕ್ಷಣ ಕಾಣಲಿಲ್ಲ. ಸ್ಟುಡಿಯೋ ಮುದುಕನಿಗೆ ತಲೆ ಚಿಟ್ಟು ಹಿಡಿದಿತ್ತು. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಬಂದವಳು, ತೀರಿಕೊಂಡ ಅಪ್ಪ ಇಲ್ಲಿ ಬಿಟ್ಟುಹೋಗಿದ್ದ ನೆಗೆಟಿವ್‌ಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು ನೋಡುತ್ತಿದ್ದಳು. ನೋಡಲಿಕ್ಕೆ ಏನಿದೆ ಮಹಾ? ಚಳಿಗಾಲದ ಕಾಡು, ಬೋಳು ಮರ, ಹಿಮ. ಇನ್ನೊಂದು ತೆಗೆದರೆ ಮತ್ತೆ ಬೋಳು ಮರ, ಹಿಮ. ಆ ಮನುಷ್ಯ ಮೂವತ್ತು ವರ್ಷ ತೆಗೆದದ್ದೇ ಅಷ್ಟು, ಅದೂ ಕಪ್ಪು ಬಿಳುಪಿನಲ್ಲಿ. ಅವನ್ನೆಲ್ಲ ತೊಳೆದು ಪ್ರಿಂಟ್ ಹಾಕಿಕೊಟ್ಟವನು ಈ ಮುದುಕ.

ಐದು ವರ್ಷದವಳಿದ್ದಾಗ ಅಪ್ಪ ತನ್ನನ್ನು ಒಂದೇ ಒಂದು ಸಲ ಆ ಕಾಡಿಗೆ ಕರೆದೊಯ್ದಿದ್ದ ಎಂದು ಅವಳ ನೆನಪು. ಹಿಮದಲ್ಲಿ ಓಡಿದ್ದಳಂತೆ, ಕವಲೊಡೆದ ಮರದ ಹಿಂದೆ ಅವಿತುಕೊಂಡಿದ್ದಳಂತೆ. ಅದೆಲ್ಲೋ ಕನಸು ಬಿದ್ದಿರಬೇಕು ಎಂದು ಅಮ್ಮ ಹೇಳುತ್ತಿದ್ದಳು. ಮನೆಯಲ್ಲಿ ಬಾಯಿಬಿಟ್ಟರೆ ಮುತ್ತು ಉದುರೀತು ಅನ್ನುವಂತಿದ್ದ ಅಪ್ಪ ಇವಳೊಬ್ಬಳನ್ನೇ ಜೊತೆಗೆ ಕರೆದುಕೊಂಡು ಹೋದನಂತೆ ಎಂದು ಅಣ್ಣಂದಿರು ಇಂದಿಗೂ ಗೇಲಿ ಮಾಡುತ್ತಾರೆ. ನಲವತ್ತೈದು ದಾಟಿದ ಹೆಂಗಸು, ಅಪ್ಪನ ಜೊತೆ ಕಳೆದ ಒಂದು ಬೆಳಗು ನಿಜವಾಗಿರಲಿ ಎಂದು ಹಂಬಲಿಸುತ್ತ ಕೂತಿದ್ದಳು.

ಒಂಬತ್ತನೇ ಪೆಟ್ಟಿಗೆಯಲ್ಲಿ ಆ ಮರ ಸಿಕ್ಕಿತು. ಅವಳ ಮುಖ ಅರಳಿತು, ಮರುಗಳಿಗೆಯಲ್ಲೇ ಬಾಡಿತು.

"ಇದೇ ಮರ. ಆದ್ರೆ ಹಿಮದ ಮೇಲೆ ಏನೂ ಇಲ್ವಲ್ಲ. ನಾನು ಓಡಿದ್ದು ನಿಜವಾಗಿದ್ರೆ ಒಂದು ಹೆಜ್ಜೆಯಾದ್ರೂ ಇರ್ಬೇಕಿತ್ತು."

ಅಂಗೈಯಗಲದ ಆ ನೆಗೆಟಿವನ್ನು ಮುದುಕ ಇಸಿದುಕೊಂಡು ಬೆಳಕಿಗೆ ಓರೆಯಾಗಿ ಹಿಡಿದ. ಮರದ ಬುಡದ ಹತ್ತಿರ ಪೆನ್ಸಿಲ್ಲಿನ ಸಣ್ಣ ಹೊಳಪು ಕಂಡಿತು. ನೆಗೆಟಿವ್ ಮೇಲೆ ಮೊನಚು ಪೆನ್ಸಿಲ್ ಆಡಿಸಿದರೆ ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗಾಗುತ್ತದೆ. ಗಿರಾಕಿಗಳ ಮುಖದ ಮೊಡವೆಯನ್ನೆಲ್ಲ ಅವನು ಮರೆಸುತ್ತಿದ್ದದ್ದು ಹಾಗೆಯೇ. ಇದೂ ಅವನದೇ ಕೈ. ಯಾವುದೋ ತುಂಟ ಮಗು ಹೆಜ್ಜೆ ಮೂಡಿಸಿ ಒಳ್ಳೆಯ ಚಿತ್ರ ಕೆಡಿಸಿದೆ ಎಂದುಕೊಂಡು, ಯಾರೂ ಹೇಳದೆ ಕೇಳದೆ, ದೊಡ್ಡ ಉಪಕಾರ ಮಾಡುವವನ ಹಾಗೆ ಮುಚ್ಚಿಹಾಕಿದ್ದ.

ಹತ್ತಿಗೆ ಸ್ಪಿರಿಟ್ ಹಚ್ಚಿ ಮೆಲ್ಲಗೆ ಒರೆಸಿದ. ಅವಳನ್ನು ಕತ್ತಲೆಕೋಣೆಗೆ ಕರೆದೊಯ್ದು, ನೆಗೆಟಿವ್ ಮೂಲಕ ಕಾಗದದ ಮೇಲೆ ಬೆಳಕು ಬಿಟ್ಟು, ಕೆಂಪು ದೀಪದಡಿ ಅದನ್ನು ತಟ್ಟೆಯ ರಾಸಾಯನಿಕಕ್ಕೆ ಇಳಿಸಿದ. ಮೊದಲು ಕಾಂಡಗಳು ಕಪ್ಪಾಗಿ ಎದ್ದವು. ಆಮೇಲೆ ಹಿಮದಲ್ಲಿ ಒಂದು ಪುಟ್ಟ ಕುಳಿ, ಅದರಾಚೆ ಇನ್ನೊಂದು. ಪುಟ್ಟ ಹೆಜ್ಜೆಗಳು ಸೊಟ್ಟಸೊಟ್ಟಗೆ ಓಡಿ ಮರದ ಹಿಂದೆ ಮರೆಯಾದವು.

ಅವಳು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. "ಅಪ್ಪನ ಕಣ್ತಪ್ಪಿಸಿ ಓಡಿರ್ಬೇಕು. ಪಾಪ, ಅವರ ಫೋಟೋ ಹಾಳ್ಮಾಡಿಬಿಟ್ಟೆ."

"ಹಾಳೆಲ್ಲಿ ಬಂತು? ಹಿಮದ ಮೇಲೆ ಒಂದು ಕಾಗೆ ಕುಪ್ಪಳಿಸಿ ಗುರುತು ಬಿದ್ರೂ ಕ್ಯಾಮೆರಾ ಮಡಚಿಕೊಂಡು ವಾಪಸ್ ಬರ್ತಿದ್ದ ಆಸಾಮಿ ಅವ್ರು. ನೀನು ಓಡಿ ಮುಗಿಸೋವರೆಗೂ ಕಾದು, ಆಮೇಲೆ ಒತ್ತಿದಾರೆ."

ಅವಳು ತಟ್ಟೆಯ ಮೇಲೆ ಬಾಗಿಯೇ ಇದ್ದಳು. ಹಾಗಿದ್ದರೆ ಮನೆಯಲ್ಲಿ ಯಾಕೆ ಒಂದು ದಿನವೂ ತೋರಿಸಲಿಲ್ಲ ಎಂದು ಕೇಳಿದಳು. ಮರೆತಿರಬೇಕು ಅಂದುಬಿಟ್ಟಿದ್ದರೆ ಸಾಕಿತ್ತು, ಮಾತು ಅಲ್ಲಿಗೇ ಮುಗಿಯುತ್ತಿತ್ತು. ಮುದುಕನಿಗೆ ಆ ಸುಳ್ಳು ಬಾಯಿಗೆ ಬರಲಿಲ್ಲ.

"ಹೆಜ್ಜೆ ಅಳಿಸಿದ್ದು ನಾನಮ್ಮ. ಪ್ರಿಂಟ್ ಕೈಗೆ ಕೊಟ್ಟಾಗ ನಿಂತ್ಕೊಂಡು ಬಹಳ ಹೊತ್ತು ನೋಡಿದ್ರು. 'ತುಂಬ ಚೊಕ್ಕಟವಾಗಿದೆ' ಅಂದು, ಮೇಜಿನ ಮೇಲೇ ಬಿಟ್ಟು ಹೋದ್ರು." ಅವನು ಇಕ್ಕಳದಿಂದ ಕಾಗದವನ್ನು ಎತ್ತಿ ಹಿಡಿದ, ನೀರು ತೊಟ್ಟಿಕ್ಕುತ್ತಿತ್ತು. "ನಾನದನ್ನ ಹೊಗಳಿಕೆ ಅಂದ್ಕೊಂಡಿದ್ದೆ."