ಶಾಯಿಯ ವಯಸ್ಸು

“ಗೆದ್ರಿ ಕಣ್ರೀ,” ಎನ್ನುತ್ತ ವಕೀಲ ಹಬೀಬ್ ಪ್ರಯೋಗಾಲಯದ ವರದಿಯನ್ನು ಬಿಂದುಶ್ರೀಯ ಮುಂದೆ ಸರಿಸಿದರು. ಯಸಳೂರಿನ ಕಾಫಿ ತೋಟವನ್ನೆಲ್ಲ ಅಪ್ಪ 1999ರಲ್ಲೇ ತನಗೆ ಬರೆದಿಟ್ಟಿದ್ದರೆಂದು ಅಣ್ಣ ದೇವೇಂದ್ರ ಕೋರ್ಟಿಗೆ ತಂದಿದ್ದ ಉಯಿಲು ಸುಳ್ಳಾಗಿತ್ತು. “ಶಾಯಿ ಇನ್ನೂ ಪೂರ್ತಿ ಒಣಗೇ ಇಲ್ವಂತೆ. ಕಾಗದದ ಮೇಲೆ ಬಿದ್ದು ಎರಡು ವರ್ಷನೂ ಆಗಿಲ್ಲ. ನಿಮ್ಮಪ್ಪ ತೀರ್ಕೊಂಡು ಇಪ್ಪತ್ತು ವರ್ಷ ಆಗೈತೆ. ಇನ್ನೇನು ಬೇಕು?”

ಅವಳು ಉಯಿಲಿನ ದೊಡ್ಡದು ಮಾಡಿದ ಫೋಟೋ ನೋಡುತ್ತಿದ್ದಳು. ಅಪ್ಪನ ಸಹಿಯ ಕೆಳಗೆ ಮೊದಲ ಸಾಕ್ಷಿಯ ರುಜು ಇತ್ತು: ಚೆಲುವಮ್ಮ. ಕೊನೆಯ ಒತ್ತಕ್ಷರಕ್ಕೆ ಉದ್ದನೆಯ ಬಾಲ.

“ಅಮ್ಮನ ರುಜುನೂ ಸುಳ್ಳಾ?”

“ಇಲ್ಲ, ಅದು ಅವ್ರದ್ದೇ. ಶಾಯಿ ಮಾತ್ರ ಅದ್ರದ್ದೂ ಹೊಸದೇ...” ಹಬೀಬ್ ವರದಿಯನ್ನು ಮಡಚತೊಡಗಿದರು.

ಹೋದ ವರ್ಷ ಅಮ್ಮ ಸೊಂಟ ಮುರಿದುಕೊಂಡು ಆಲೂರಿನಲ್ಲಿ ಬಿಂದುಶ್ರೀಯ ಮನೆಯಲ್ಲೇ ಮಲಗಿದ್ದಳು. ಸಾಯುವವರೆಗೂ ಮೈ ಒರೆಸಿ ತಲೆ ಬಾಚಿದ್ದು ಇವಳು. ದೇವೇಂದ್ರ ಬಂದದ್ದು ಒಂದೇ ಒಂದು ಸಲ. ಆಗ ಇವಳು ಅವನಿಗೆ ಕಾಫಿ ಮಾಡಲು ಒಳಗೆ ಹೋಗಿದ್ದಳು. ಅಮ್ಮನಿಗೆ ಓದಲು ಬಾರದೆಂದೇನೂ ಇರಲಿಲ್ಲ. ಗ್ಯಾಸಿನ ರಸೀದಿಯನ್ನೂ ಕನ್ನಡಕ ಹಾಕಿಕೊಂಡು ಎರಡು ಸಲ ಓದದೆ ರುಜು ಹಾಕುತ್ತಿರಲಿಲ್ಲ.

ಫೋನ್ ಬಹಳ ಹೊತ್ತು ಹೊಡೆದುಕೊಂಡಿತು. ಗಂಡ ಮಂಜುನಾಥ್.

“ಏನಾಯ್ತು?”

“ಗೆದ್ವಂತೆ,” ಎಂದಳು ಬಿಂದುಶ್ರೀ.