ಗೌರತ್ತೆ ಬರೆದ ಮಾವನ ಮುಖ

ಈಗಲೂ ಅಂಗಡಿಯಲ್ಲಿ ವಾರ್ನಿಶ್ ವಾಸನೆ ಬಂದರೆ ಚೌಕಾಸಿ ಅರ್ಧಕ್ಕೇ ಬಿಟ್ಟು ಹೊರಬರುತ್ತೇನೆ.

ಆಗ ನನಗೆ ಎಂಟು ವರ್ಷ. ಹೊಸಪೇಟೆಯ ನಮ್ಮ ಓಣಿಯ ಚಿತ್ರಕಲಾ ಬಳಗದವರು ಮನೆಯಲ್ಲಿ ಬರೆದ ಚಿತ್ರ, ಹೆಣೆದ ಬುಟ್ಟಿಗಳನ್ನು ತಂದು ನಮ್ಮ ಪಡಸಾಲೆಯಲ್ಲಿ ಜೋಡಿಸಿದ್ದರು. ಪಕ್ಕದ ಮನೆಯ ಗೌರತ್ತೆ ತನ್ನ ಗಂಡನ ಮುಖ ಬರೆದು ತಂದಿದ್ದಳು. ತೋರಣಗಲ್ಲಿನ ಕಾರ್ಖಾನೆಗೆ ಶಿಫ್ಟ್ ಬಸ್ಸಿನಲ್ಲಿ ಪಾಳಿ ಕೆಲಸಕ್ಕೆ ಹೋದ ಆ ಮಾವ ಮೂರು ವರ್ಷವಾದರೂ ಮರಳಿರಲಿಲ್ಲ, ಸುದ್ದಿಯೂ ಇರಲಿಲ್ಲ.

ದೇವರ ಚಿತ್ರಗಳಿಗೆ ಹಾಕಲು ಅವ್ವ ನನಗೆ ಮಲ್ಲಿಗೆ ಮಾಲೆಗಳನ್ನು ಕೊಟ್ಟಿದ್ದಳು. ಒಂದು ಮಾಲೆ ಉಳಿಯಿತು. ಏನನ್ನೂ ದಂಡ ಮಾಡಬಾರದೆಂಬ ಬುದ್ಧಿ ನನಗೆ ಆಗಲೇ ಇತ್ತು. ಅದನ್ನು ಮಾವನ ಚಿತ್ರಕ್ಕೆ ಹಾಕಿಬಿಟ್ಟೆ. ನನ್ನ ಮಾತು ಕೇಳಿ, ಯಾರ ಮನೆಯ ಚಿತ್ರಕ್ಕೂ ಕೇಳದೆ ಹೂ ಹಾಕಬೇಡಿ.

ಅವ್ವ ನನ್ನ ರಟ್ಟೆ ಹಿಡಿದು, "ಸತ್ತೋರ ಫೋಟೋಕ್ಕಲ್ಲೇನ ಹಂಗ ಹೂ ಹಾಕೋದು, ಹುಚ್ಚಿ?" ಎಂದು ಪಿಸುಗುಟ್ಟಿದಳು.

"ಬೈಬ್ಯಾಡ್ರಿ ಅಕ್ಕಾರ. ಕೂಸು ನನಗಂತ ತಂದೈತಿ," ಎಂದಳು ಗೌರತ್ತೆ. ಮಾಲೆ ತೆಗೆದು ತನ್ನ ತುರುಬಿಗೆ ಮುಡಿದುಕೊಂಡಳು. ಹಸಿ ವಾರ್ನಿಶ್‌ಗೆ ಅಂಟಿದ್ದ ಎರಡು ಎಸಳುಗಳನ್ನು ಮಾವನ ಕೆನ್ನೆಯಿಂದ ಉಗುರಲ್ಲಿ ಮೆಲ್ಲಗೆ ಬಿಡಿಸಿದಳು. ಆಮೇಲೆ ಗಡಿಯಾರ ನೋಡಿ ಎದ್ದಳು.

"ಜಲ್ದಿ ಹೋಗ್ಬೇಕ್ರಿ. ಶಿಫ್ಟ್ ಬಸ್ ಬರೋ ಹೊತ್ತಾತು."