ಹುಳು ಸತ್ತ ಮಧ್ಯಾಹ್ನ

ಸೊಳ್ಳೆಬತ್ತಿಯ ವಾಸನೆ ಬಂದರೆ ಈಗಲೂ ಶಿಡ್ಲಘಟ್ಟದ ಹತ್ತಿರದ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಇನ್ನೇನು ಗೂಡು ಕಟ್ಟಬೇಕಿದ್ದ ರೇಷ್ಮೆಹುಳುಗಳೆಲ್ಲ ಸೊಪ್ಪಿನ ಮೇಲೆ ಮೆತ್ತಗೆ ಸತ್ತು ಬಿದ್ದಿದ್ದವು.

"ನೀನು ಟೊಮ್ಯಾಟೊಗೆ ಹೊಡ್ದಿರೋ ಔಷಧೀನೇ ನಮ್ ಸೊಪ್ಪಿಗೆ ಬಿದ್ದೈತೆ," ಎಂದು ಅಪ್ಪ ಪಕ್ಕದ ತೋಟದ ರಾಮಣ್ಣನ ಅಂಗಿ ಹಿಡಿದು ಮೂಸಿದರು.

"ಪಂಪು ಮುಟ್ಟೇ ಇಲ್ಲ ಕಣಪ್ಪ," ಎಂದ ರಾಮಣ್ಣ. ಯಾರೂ ನಂಬಲಿಲ್ಲ.

ಹುಳುಮನೆಗೆ ಅಂಟಿದ ಕೋಣೆಯಲ್ಲಿ ಅಜ್ಜಿ ತೊಟ್ಟಿಲ ಕೆಳಗಿದ್ದ ಸೊಳ್ಳೆಬತ್ತಿಯ ಬೂದಿಯನ್ನೇ ನೋಡುತ್ತಿದ್ದಳು. ಚಿಂತಾಮಣಿ ಪೇಟೆಯಲ್ಲಿ ಬೆಳೆದ ಚಿಕ್ಕಮ್ಮ ಬಿಕ್ಕಿದಳು: "ರಾತ್ರಿ ಪಾಪುಗೆ ಸೊಳ್ಳೆ ಕಚ್ತಿತ್ತು ಅತ್ತೆ. ಈ ಹೊಗೆಗೆ ಹುಳ ಸಾಯ್ತವೆ ಅಂತ ನಂಗೇನ್ ಗೊತ್ತು?"

"ಬಾಯ್ಮುಚ್ಚೇ."

ಅಜ್ಜಿ ಬೂದಿಯನ್ನು ಸೆರಗಿನಿಂದ ಒರೆಸಿ ಹೊರಗೆ ಹೋದಳು.

"ಇವನೇ ಹೊಡ್ದಿದ್ದು," ಎಂದಳು. "ನಾನೇ ಕಣ್ಣಾರೆ ನೋಡ್ದೆ."